ಗೋಡೆಗೆ ಮೊಳೆ ಹೊಡೆದ ಹಾಗಿದ್ದ ತಬಲಾ

ಕಳೆದ ವರ್ಷ ದಸರಾ ಮುಗಿದ ವಾರ ಚಿಕ್ಕಮ್ಮ ಫೋನ್ ಮಾಡಿದರು. "ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆ ಕಾರ್ಯಕ್ರಮದಲ್ಲಿ ಒಂದು ಭಾವಗೀತೆ ಹಾಡ್ಬೇಕು ಕಣೋ. ತಬಲಾದವರಿಗೆ ಅವತ್ತೇ ಬೇರೆ ಕಡೆ ಪ್ರೋಗ್ರಾಂ ಇದೆಯಂತೆ. ನೀನು ಕಂಪ್ಯೂಟರ್‌ನಲ್ಲಿ ಏನೇನೋ ಮಾಡ್ತಿರ್ತೀಯಲ್ಲ, ಒಂದು ಟ್ರ್ಯಾಕ್ ಮಾಡಿಕೊಡು."

ನಾನು ಸಂಗೀತಗಾರನಲ್ಲ. ಹಗಲು ಆಫೀಸಿನಲ್ಲಿ ಎಕ್ಸೆಲ್ ಶೀಟು, ರಾತ್ರಿ ಮನೆಯಲ್ಲಿ ಹಾಡಿನ ಟ್ರ್ಯಾಕ್ ಜೋಡಿಸುವ ರೀಪರ್ ಅನ್ನೋ ಸಾಫ್ಟ್‌ವೇರ್. ಎರಡರಲ್ಲೂ ಚೌಕ ತುಂಬುವ ಕೆಲಸವೇ. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ತಬಲಾ ಕಲಿತು ಬಿಟ್ಟವನು. ಕೈ ಮರೆತಿದೆ, ಬೋಲುಗಳು, ಅಂದರೆ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳು, ಮಾತ್ರ ಉಳಿದಿವೆ. ಈ ಅರ್ಧಂಬರ್ಧ ಕಲಿಕೆಯ ಧೈರ್ಯದ ಮೇಲೆ "ಆಯ್ತು ಬಿಡಿ ಚಿಕ್ಕಮ್ಮ, ಎರಡು ದಿನ ಕೊಡಿ" ಅಂದುಬಿಟ್ಟೆ.

ಹಾಡು ಕೆಹರ್ವಾ ತಾಳದ್ದು. ಎಂಟು ಮಾತ್ರೆ. ಧಾ ಗೆ ನ ತಿ, ನ ಕ ಧಿ ನ. ಮೌಸ್ ಹಿಡಿದು ಇದನ್ನು ಬರೆಯೋಕೆ ಹತ್ತು ನಿಮಿಷ ಬೇಕಿಲ್ಲ. ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಬರೆದೆ. ಕಾಪಿ ಮಾಡಿ ಹಾಡಿನ ಉದ್ದಕ್ಕೂ ಅಂಟಿಸಿದೆ. ಹಾರ್ಮೋನಿಯಂ ಭಾಗವನ್ನು ಪುಟ್ಟ ಕೀಬೋರ್ಡಿನಲ್ಲಿ ನುಡಿಸಿ ಸೇರಿಸಿದೆ. ಶ್ರುತಿ ಚಿಕ್ಕಮ್ಮನ ಕಪ್ಪು ನಾಲ್ಕಕ್ಕೆ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಗೆ, ಇಟ್ಟೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿ ಮಲಗಿದೆ. ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯಿತಲ್ಲ ಅಂತ ಸಣ್ಣ ಜಂಬ ಬೇರೆ.

ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂದಿತ್ತು. "ಏನೋ ಇದು? ಗೋಡೆಗೆ ಮೊಳೆ ಹೊಡೆದ ಹಾಗಿದೆ. ಇದರ ಜೊತೆ ಹೇಗೆ ಹಾಡೋದು?"

ಲಯ ತಪ್ಪಿರಲಿಲ್ಲ. ಕಂಪ್ಯೂಟರ್ ಲಯ ತಪ್ಪುವುದಿಲ್ಲ. ಬೋಲೂ ತಪ್ಪಿರಲಿಲ್ಲ. ತಬಲಾದ ಧ್ವನಿ ಕೂಡ ನಿಜವಾದ ತಬಲಾದಿಂದಲೇ ರೆಕಾರ್ಡ್ ಮಾಡಿದ್ದು. ಆದರೂ ಮೊಳೆ. ಎಡಿಟರ್ ತೆರೆದು ಕೆಳಗಿನ ಪಟ್ಟಿ ನೋಡಿದೆ. ಪ್ರತಿ ನೋಟ್‌ಗೂ ಅಲ್ಲಿ ಒಂದು ನಿಂತ ಕಡ್ಡಿ ಇರುತ್ತದೆ. ಕಡ್ಡಿ ಎತ್ತರ ಇದ್ದಷ್ಟೂ ಪೆಟ್ಟು ಜೋರು. ನನ್ನ ಹಾಡಿನಲ್ಲಿ ಅಷ್ಟೂ ಕಡ್ಡಿಗಳು ಒಂದೇ ಎತ್ತರಕ್ಕೆ, ಹೊಸ ಸೈಟಿಗೆ ಹಾಕಿದ ಬೇಲಿಯ ಹಾಗೆ ನಿಂತಿದ್ದವು. ಎಲ್ಲದಕ್ಕೂ 96. ಮೌಸ್‌ನಿಂದ ನೋಟ್ ಬರೆದರೆ ಸಾಫ್ಟ್‌ವೇರ್ ತನಗೆ ತೋಚಿದ ಒಂದು ಅಂಕಿ ಹಾಕಿಬಿಡುತ್ತದೆ. ಒಂದೊಂದರಲ್ಲಿ ಒಂದೊಂದು, ಸಾಮಾನ್ಯವಾಗಿ 80ರಿಂದ 100ರ ಒಳಗೆ. ನಾವು ಬದಲಾಯಿಸದಿದ್ದರೆ ಅದೇ ಗತಿ.

ಈ ಅಂಕಿಗೆ ವೆಲಾಸಿಟಿ ಅನ್ನುತ್ತಾರೆ. ಹೆಸರು ಕೇಳಿ ನಾನೂ ಮೊದಲು ಮೋಸ ಹೋಗಿದ್ದೆ. ವೆಲಾಸಿಟಿ ಅಂದರೆ ವೇಗ ತಾನೇ, ವಿಳಂಬ, ದ್ರುತ ಅಂತ ಏನೋ ಇರಬೇಕು ಅಂದುಕೊಂಡಿದ್ದೆ. ಅದಲ್ಲ. ಹಾಡಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಬೆರಳಿನ ವೇಗ. ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೂ ಎರಡು ಪುಟ್ಟ ಸ್ವಿಚ್‌ಗಳಿರುತ್ತವೆ. ಕೀಲಿ ಇಳಿಯುವಾಗ ಮೊದಲು ಒಂದು ಕೂಡಿಕೊಳ್ಳುತ್ತದೆ, ಆಮೇಲೆ ಇನ್ನೊಂದು. ಇವೆರಡರ ನಡುವಿನ ಸಮಯವನ್ನು ಯಂತ್ರ ಅಳೆಯುತ್ತದೆ. ಸಮಯ ಕಡಿಮೆಯಾದರೆ ಬೆರಳು ಜೋರಾಗಿ ಬಂತು ಅಂತ ಲೆಕ್ಕ. ಎಷ್ಟು ಬಲ ಹಾಕಿದೆವು ಅನ್ನೋದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನಾನು ಮನಸ್ಸಿನಲ್ಲಿ ಇದಕ್ಕೆ ಪೆಟ್ಟು ಅಂತಲೇ ಹೆಸರಿಟ್ಟುಕೊಂಡಿದ್ದೇನೆ. ತಬಲಾ ಕ್ಲಾಸಿನಲ್ಲಿ ಕೇಳಿದ ಮಾತು, ಇಲ್ಲಿಗೂ ಹೊಂದುತ್ತದೆ.

ಈ ಏರ್ಪಾಡಿಗೆಲ್ಲ ತಳಹದಿ ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು, ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಭಾಷೆ. ನಮಗೆ ಮಿಡಿ ಅಂದರೆ ಮೊದಲು ನೆನಪಾಗುವುದು ಮಾವಿನಮಿಡಿ ಉಪ್ಪಿನಕಾಯಿ. ಆಮೇಲೆ ತಂತಿ ಮಿಡಿಯುವುದು, ನಾಡಿ ಮಿಡಿಯುವುದು. ಇಂಗ್ಲಿಷಿನವರಿಗೆ ಅದು ನಾಲ್ಕು ಪದಗಳ ಮೊದಲಕ್ಷರ ಅಷ್ಟೇ, ಆದರೆ ಸಂಗೀತಕ್ಕೆ ನಮ್ಮ ಅರ್ಥವೇ ಚೆನ್ನಾಗಿ ಒಪ್ಪುತ್ತದೆ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ವಾದ್ಯ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ತೋರಿಸಿದರು. ಪ್ರಾಫೆಟ್ 600 ಮತ್ತು ಜುಪಿಟರ್ 6. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಇದರ ಹಿಂದಿದ್ದವರಲ್ಲಿ ಮುಖ್ಯರು ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ. ಈ ಕೆಲಸಕ್ಕಾಗಿ 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು. ಅವರು ಮಾಡಿದ ನಿಯಮ ತುಂಬಾ ಸರಳ. ಒಂದು ಸ್ವರ ಶುರುವಾಗಬೇಕಾದರೆ ಮೂರು ಅಂಕಿ ಹೋಗುತ್ತವೆ. ಒಂದು, 'ನುಡಿಸು' ಅನ್ನುವ ಆಜ್ಞೆ. ಎರಡು, ಯಾವ ಸ್ವರ. ಮೂರು, ಎಷ್ಟು ಪೆಟ್ಟು. ಪೆಟ್ಟಿಗೆ 0ರಿಂದ 127ರವರೆಗೆ ಜಾಗ. ಅದರಲ್ಲೂ ಸೊನ್ನೆ ಅಂದರೆ 'ನಿಲ್ಲಿಸು' ಅಂತ ಅರ್ಥ. ಉಳಿದದ್ದು 127 ಮೆಟ್ಟಿಲು.

ಇಲ್ಲೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಈ ಅಂಕಿ ಸ್ವರ ಹುಟ್ಟುವ ಗಳಿಗೆಯದು. ಹುಟ್ಟುವಾಗ ಬರೆದಾಯಿತು ಅಂದರೆ ಮುಗಿಯಿತು, ಆ ಸ್ವರ ಬದುಕಿರುವಷ್ಟು ಹೊತ್ತೂ ಅದು ಬದಲಾಗುವುದಿಲ್ಲ. ಸ್ವರದ ಹಣೆಬರಹ ಇದ್ದ ಹಾಗೆ. ಈ ಮಾತಿಗೆ ಆಮೇಲೆ ಬರುತ್ತೇನೆ, ಹಾರ್ಮೋನಿಯಂ ವಿಷಯದಲ್ಲಿ ಇದೇ ನನ್ನನ್ನು ಎರಡು ರಾತ್ರಿ ಸತಾಯಿಸಿತು.

ಮೊಳೆ ತೆಗೆಯೋಕೆ ನಾನು ಮೊದಲು ಹಿಡಿದದ್ದು ಸೋಮಾರಿಯ ದಾರಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಹ್ಯೂಮನೈಸ್ ಅನ್ನೋ ಸೌಲಭ್ಯ ಇರುತ್ತದೆ. ಮನುಷ್ಯ ನುಡಿಸಿದ ಹಾಗೆ ಮಾಡಿಕೊಡುತ್ತೇನೆ ಅಂತ ಅದರ ಭರವಸೆ. ಇಷ್ಟು ಪರ್ಸೆಂಟ್ ಅಂತ ಹೇಳಿದರೆ ಸಾಕು, ಪ್ರತಿ ಕಡ್ಡಿಯನ್ನೂ ತನಗೆ ಬಂದ ಹಾಗೆ ಒಂಚೂರು ಮೇಲೆ, ಒಂಚೂರು ಕೆಳಗೆ ಮಾಡುತ್ತದೆ. ನಾನು ಧಾರಾಳವಾಗಿಯೇ ಹಾಕಿದೆ. ಬೇಲಿ ಹೋಗಿ ಹಳೇ ಬಾಚಣಿಗೆ ಬಂತು. ಮತ್ತೆ ಕಳಿಸಿದೆ.

"ಈಗ ಕುಡಿದು ಬಾರಿಸಿದ ಹಾಗಿದೆ," ಅಂದರು ಚಿಕ್ಕಮ್ಮ. ಪಕ್ಕದಲ್ಲಿ ಚಿಕ್ಕಪ್ಪ ನಕ್ಕಿದ್ದೂ ಕೇಳಿಸಿತು.

ಆ ಮಾತು ಸುಮ್ನೆ ತಮಾಷೆ ಅಲ್ಲ. ಕುಡಿದವನ ನಡಿಗೆಯೂ ಏರುಪೇರು, ಕುಣಿಯುವವನ ನಡಿಗೆಯೂ ಏರುಪೇರು. ಎರಡೂ ಒಂದೇನಾ? ಯಂತ್ರ ಮಾಡಿದ ಏರುಪೇರಿಗೆ ಕಾರಣ ಇರಲಿಲ್ಲ. ಸಮ್, ಅಂದರೆ ಆವರ್ತದ ಮೊದಲ ಮಾತ್ರೆ, ಬರುವ ಜಾಗದಲ್ಲಿ ಧಾ ಮೆತ್ತಗಾಗಿತ್ತು. ಯಾರೂ ಗಮನಿಸಬಾರದ ಕ ಎದ್ದು ಕೂತಿತ್ತು.

ನನ್ನ ಗೆಳೆಯನೊಬ್ಬ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಬಾರಿಸುತ್ತಾನೆ. ಅವನಿಗೆ ಫೋನ್ ಹಚ್ಚಿ, ಯಾವ ಪೆಟ್ಟು ಜೋರು ಯಾವುದು ಮೆಲ್ಲಗೆ ಅಂತ ಹೇಗೆ ತೀರ್ಮಾನ ಮಾಡ್ತೀಯ ಅಂತ ಕೇಳಿದೆ. "ತೀರ್ಮಾನ ಏನ್ ಬಂತು ಮಗಾ? ಮೂರು ಗಂಟೆ ಬಾರಿಸ್ಬೇಕು. ಎಲ್ಲಾ ಜೋರಾಗಿ ಹೊಡೆದ್ರೆ ಅರ್ಧ ಗಂಟೆಗೆ ಕೈ ಬಿದ್ದೋಗತ್ತೆ. ಬೇಕಾದ ಕಡೆ ಹೊಡೀತೀವಿ, ಮಿಕ್ಕಿದ ಕಡೆ ಕೈ ಉಳಿಸ್ಕೋತೀವಿ." ನಾನು ಇದನ್ನು ಸೌಂದರ್ಯದ ವಿಷಯ ಅಂದುಕೊಂಡಿದ್ದೆ. ಅವನಿಗೆ ಅದು ಸುಸ್ತಿನ ವಿಷಯ. ಮೌಸ್‌ಗೆ ಸುಸ್ತಾಗುವುದಿಲ್ಲ, ಅದಕ್ಕೇ ಅದಕ್ಕೆ ಯಾವ ಪೆಟ್ಟು ಬೇಕು, ಯಾವುದು ಬೇಡ ಅನ್ನೋದು ಗೊತ್ತಿಲ್ಲ.

ಅವತ್ತು ರಾತ್ರಿ ಇನ್ನೇನೂ ತೋಚದೆ ಸುಮ್ಮನೆ ಕುರ್ಚಿಯಲ್ಲಿ ಒರಗಿ ಬೋಲು ಹೇಳಿಕೊಂಡೆ. ನನ್ನ ತಬಲಾ ಮೇಷ್ಟ್ರು ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು, ಬಾಯಿಗೆ ಬರುವವರೆಗೆ ತಬಲಾ ಮುಟ್ಟಿಸುತ್ತಿರಲಿಲ್ಲ. ಆಗ ಬೇಜಾರಾಗುತ್ತಿತ್ತು. ಧಾ ಗೆ ನ ತಿ, ನ ಕ ಧಿ ನ. ನಾಲ್ಕನೇ ಸಲ ಹೇಳುವಾಗ ಗಮನಕ್ಕೆ ಬಂತು. ಬಾಯಿ ಎಲ್ಲವನ್ನೂ ಒಂದೇ ಸಮ ಹೇಳುತ್ತಿಲ್ಲ! 'ಧಾ' ಹೊಟ್ಟೆಯಿಂದ ಬರುತ್ತಿದೆ. 'ಗೆ' ಅದರ ಬಾಲದಲ್ಲಿ ತೂಗಾಡುತ್ತಿದೆ. 'ಕ' ತುಟಿಯ ಹತ್ತಿರವೇ ಸತ್ತು ಹೋಗುತ್ತಿದೆ. 'ಧಿ' ಮತ್ತೆ ಎದ್ದು ಮುಂದಿನ ಧಾ ಕಡೆಗೆ ನೂಕುತ್ತಿದೆ. ಇದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಹೇಳುತ್ತಾ ಹೇಳುತ್ತಾ ಅವರ ಏರಿಳಿತವೇ ಬಂದುಬಿಟ್ಟಿದೆ. ಕೈ ಮರೆತದ್ದನ್ನು ನಾಲಿಗೆ ಇಪ್ಪತ್ತು ವರ್ಷ ಕಾಪಾಡಿಕೊಂಡಿತ್ತು.

ಫೋನಿನಲ್ಲಿ ಅದನ್ನೇ ರೆಕಾರ್ಡ್ ಮಾಡಿದೆ. ಆ ಫೈಲನ್ನು ತಬಲಾ ಟ್ರ್ಯಾಕಿನ ಮೇಲಿಟ್ಟೆ. ಪರದೆಯ ಮೇಲೆ ನನ್ನ ದನಿಯ ದಿಬ್ಬಗಳು ಕಾಣುತ್ತವೆ, ಕೆಳಗೆ ಕಡ್ಡಿಗಳು. ದಿಬ್ಬ ನೋಡಿ ಕಡ್ಡಿ ಎಳೆಯುವುದು, ಕೇಳುವುದು, ಮತ್ತೆ ಎಳೆಯುವುದು.

ಮೊದಲ ತಪ್ಪು ಸಿಕ್ಕಿದ್ದು ಧಾದಲ್ಲೇ. ಧಾ ಅನ್ನೋದು ಒಂದು ಪೆಟ್ಟಲ್ಲ, ಎರಡು. ಬಲಗೈ ನ ಅನ್ನುತ್ತದೆ, ಎಡಗೈ ಪಕ್ಕದ ದೊಡ್ಡ ವಾದ್ಯ ಡಗ್ಗದ ಮೇಲೆ ಗೆ ಅನ್ನುತ್ತದೆ, ಎರಡೂ ಒಟ್ಟಿಗೆ ಬಂದರೆ ಧಾ. ನನ್ನ ಸ್ಯಾಂಪಲ್‌ಗಳಲ್ಲಿ, ಅಂದರೆ ರೆಕಾರ್ಡ್ ಮಾಡಿಟ್ಟ ತಬಲಾ ದನಿಗಳಲ್ಲಿ, ಬಲ, ಎಡ ಬೇರೆ ಬೇರೆ ಇದ್ದವು. ಹಾಗಾಗಿ ಧಾ ಬರೆದಾಗ ಎರಡು ನೋಟ್, ಎರಡಕ್ಕೂ 96. ಅಂದರೆ ಎರಡೂ ಕೈ ಜಗಳಕ್ಕೆ ನಿಂತ ಹಾಗೆ. ಬಲಗೈಯನ್ನು 84ಕ್ಕೆ ಇಳಿಸಿ ಡಗ್ಗವನ್ನು 106ಕ್ಕೆ ಏರಿಸಿದೆ. ತಕ್ಷಣ ಧಾ ಕೂತಿತು. ನೆಲ ಸಿಕ್ಕಿದ ಹಾಗಾಯಿತು. ಆಮೇಲೆ ಗೆ 58, ನ 80, ತಿ 64, ನ 72. ಕ ಇಳಿಸುತ್ತಾ ಇಳಿಸುತ್ತಾ 44ಕ್ಕೆ ಬಂದು ನಿಂತೆ. ಕೊನೆಗೆ ಧಿ, ಬಲ 70, ಡಗ್ಗ 92. ಗೆ ಆದಮೇಲೆ ಧಿ ಬರುವವರೆಗೆ ಡಗ್ಗದ ಗುಮ್ ಅನ್ನೋ ದನಿ ಇರುವುದೇ ಇಲ್ಲ, ಕ ಅಂದರೆ ಡಗ್ಗವನ್ನು ಅಂಗೈಯಿಂದ ಮುಚ್ಚಿ ಹೊಡೆಯುವುದು. ಇಷ್ಟು ಹೊತ್ತು ಸುಮ್ಮನಿದ್ದ ಡಗ್ಗ ಏಳನೇ ಮಾತ್ರೆಯಲ್ಲಿ ವಾಪಸ್ ಬರುತ್ತದಲ್ಲ, ಆ ಬರುವಿಕೆಗೆ ತೂಕ ಬೇಕು.

ಈ ಅಂಕಿಗಳನ್ನು ಯಾರೂ ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ಸ್ಯಾಂಪಲ್‌ಗಳಿಗೆ ಇವು ಹೊಂದಲಿಕ್ಕಿಲ್ಲ. ಒಳ್ಳೆಯ ಸ್ಯಾಂಪಲ್ ಸೆಟ್‌ಗಳಲ್ಲಿ ಒಂದೇ ಬೋಲನ್ನು ಮೆಲ್ಲಗೆ, ಮಧ್ಯಮ, ಜೋರು ಅಂತ ಹಲವು ಸಲ ರೆಕಾರ್ಡ್ ಮಾಡಿರುತ್ತಾರೆ. ಇಂತಿಷ್ಟು ಅಂಕಿಯವರೆಗೆ ಈ ರೆಕಾರ್ಡಿಂಗ್, ಅದು ದಾಟಿದರೆ ಮುಂದಿನದು. ನನ್ನದರಲ್ಲಿ ಬಲಗೈ ನ 88ರಲ್ಲಿ ದುಂಡಗಿತ್ತು, 90ಕ್ಕೆ ಹೋದರೆ ಬೇರೆ ತಬಲಾನೇ ತಂದಿಟ್ಟ ಹಾಗೆ ಠಣ್ ಅನ್ನುತ್ತಿತ್ತು. ನಡುವೆ ಎಲ್ಲೋ ಹೊಸ್ತಿಲು ಇದೆ ಅಂತ ಅರ್ಥ. ಅಂದರೆ ಈ ಕಡ್ಡಿ ಬರೀ ವಾಲ್ಯೂಮ್ ಅಲ್ಲ. ಜೋರಾಗಿ ಹೊಡೆದ ಚರ್ಮದ ದನಿಯೇ ಬೇರೆ, ಮೆಲ್ಲಗೆ ಮುಟ್ಟಿದ ಚರ್ಮದ ದನಿಯೇ ಬೇರೆ. ಮೆಲ್ಲಗೆ ಬಾರಿಸಿದ್ದನ್ನು ವಾಲ್ಯೂಮ್ ಏರಿಸಿ ಕೇಳಿದರೂ ಅದು ಮೆಲ್ಲಗೆ ಬಾರಿಸಿದ್ದೇ. 2020ರಲ್ಲಿ ಬಂದ ಮಿಡಿ 2.0ನಲ್ಲಿ 127 ಮೆಟ್ಟಿಲು ಹೋಗಿ 65,000ಕ್ಕೂ ಜಾಸ್ತಿ ಆಗಿವೆ. ಇರಲಿ. ನನಗೆ 88 ಮತ್ತು 90ರ ನಡುವೆಯೇ ಒಂದು ಸಂಜೆ ಹೋಗಿದೆ.

ನಾಲ್ಕು ನಿಮಿಷದ ಹಾಡು, ತೊಂಬತ್ತು ಆವರ್ತ. ಆವರ್ತಕ್ಕೆ ಎಂಟರಂತೆ 720 ಪೆಟ್ಟು, ಧಾ ಧಿಗಳಿಗೆ ಎರಡೆರಡು ನೋಟ್ ಇರುವುದರಿಂದ ಕಡ್ಡಿಗಳು 900. ಎಲ್ಲವನ್ನೂ ಒಂದೊಂದಾಗಿ ಕೂತು ತಿದ್ದಿದೆ ಅಂದರೆ ಸುಳ್ಳಾಗುತ್ತದೆ. ಒಂದು ಆವರ್ತ ಸರಿ ಮಾಡಿ ಅದನ್ನು ಹರಡಿದೆ. ಆಮೇಲೆ ಚಿಕ್ಕಮ್ಮ ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿ ಕಳಿಸಿದ್ದ ರೆಕಾರ್ಡಿಂಗ್ ಜೊತೆಗಿಟ್ಟು, ಎಲ್ಲಿ ಬೇಕೋ ಅಲ್ಲಿ ಕೈ ಹಾಕಿದೆ. ಮಾತು ಒತ್ತೊತ್ತಾಗಿ ಬರುವ ಸಾಲಿನಲ್ಲಿ ತಬಲಾ ಬಾಯಿ ಮುಚ್ಚಿಕೊಂಡಿರಬೇಕು. ಅವರು ಒಂದು ಅಕ್ಷರವನ್ನು ಎಳೆದು ನಿಂತಾಗ ತಬಲಾ ಸ್ವಲ್ಪ ಮಾತಾಡಬಹುದು. ಪಲ್ಲವಿಗೆ ಮರಳುವ ಮುಂಚಿನ ಆವರ್ತದಲ್ಲಿ ಧಿ, ನ ಎರಡನ್ನೂ ಹತ್ತು ಹತ್ತು ಏರಿಸಿದೆ, ಬಾ ಅಂತ ಕೈ ಹಿಡಿದು ಕರೆದ ಹಾಗೆ. ಈ ಹಂತದಲ್ಲಿ ನಾನು ತಬಲಾ ಟ್ರ್ಯಾಕ್ ಕೇಳುವುದನ್ನೇ ಬಿಟ್ಟು ಚಿಕ್ಕಮ್ಮನನ್ನೇ ಕೇಳುತ್ತಿದ್ದೆ.

ಇನ್ನು ಹಾರ್ಮೋನಿಯಂ. ತಬಲಾದಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಹಾರ್ಮೋನಿಯಂ ಕಡ್ಡಿಗಳಿಗೂ ಇದೇ ಉಪಚಾರ ಶುರು ಮಾಡಿದೆ. ಸಾಲಿನ ಮೊದಲ ಸ್ವರಕ್ಕೆ 90, ಮುಂದಿನದಕ್ಕೆ 60, ನಿಲ್ಲುವ ಸ್ವರಕ್ಕೆ 80. ಎರಡು ರಾತ್ರಿ. ಏನು ಮಾಡಿದರೂ ಅದು ಹಾರ್ಮೋನಿಯಂ ಅನ್ನಿಸಲಿಲ್ಲ. ಹಾರ್ಮೋನಿಯಂ ವೇಷ ಹಾಕಿಕೊಂಡ ಪಿಯಾನೋ ಅನ್ನಿಸಿತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಗದಗದ ಕಡೆಯವರು. ವಯಸ್ಸಿನಲ್ಲಿ ನಾಟಕದ ಕಂಪನಿಗಳಿಗೆ ಪೇಟಿ ನುಡಿಸಿದವರು, ಈಗ ಮಗನ ಮನೆಯಲ್ಲಿದ್ದಾರೆ. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಮನೆಗೆ ಹೋದೆ. ಕಡ್ಡಿಗಳನ್ನು ತೋರಿಸಿ, "ಮೇಷ್ಟ್ರೇ, ಯಾವ ಸ್ವರ ಎಷ್ಟು ಜೋರಾಗಿ ಒತ್ತಬೇಕು ಹೇಳಿ, ನಾನು ಇಲ್ಲಿ ಬರ್ಕೋತೀನಿ" ಅಂದೆ.

ಅವರು ನನ್ನ ಮುಖ ನೋಡಿದರು. ಪೇಟಿ ತರಿಸಿದರು. ಎಡಗೈಯಿಂದ ಒಂದೇ ಸಮ ತಿದಿ ಹಾಕುತ್ತಾ ಬಲಗೈಯ ಒಂದು ಬೆರಳಿನಲ್ಲಿ ಷಡ್ಜದ ಮನೆಯನ್ನು ಮೆಲ್ಲಗೆ ಒತ್ತಿದರು. ಆಮೇಲೆ ಅದೇ ಮನೆಯನ್ನು ಸುತ್ತಿಗೆಯಲ್ಲಿ ಹೊಡೆದ ಹಾಗೆ ಒತ್ತಿದರು. ದನಿ ಅಷ್ಟೇ.

"ನೋಡಿದ್ಯಾ ತಮ್ಮಾ? ಎಷ್ಟ ಜೋರ್ ಒತ್ತಿದರೂ ಅಷ್ಟ ಬರ್ತೈತಿ. ಅದರ ದಮ್ಮು ಇರೂದು ಎಡಗೈಯಾಗ."

ನಾಚಿಕೆಯಾಯಿತು. ಚಿಕ್ಕಂದಿನಿಂದ ಭಜನೆಯಲ್ಲಿ ನೋಡಿದ ವಾದ್ಯ, ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪರದೆ ನೋಡುತ್ತಾ ಕೂತರೆ ಪರದೆ ಹೇಳಿದ್ದೇ ನಿಜ ಅನ್ನಿಸಿಬಿಡುತ್ತದೆ. ಕಪ್ಪು ಬಿಳಿ ಮನೆಗಳಿದ್ದರೆ ಅದಕ್ಕೆ ಪೆಟ್ಟು ಇರಲೇಬೇಕು ಅಂತ ಸಾಫ್ಟ್‌ವೇರ್ ನಂಬಿಕೊಂಡಿದೆ. ಅದು ಪಿಯಾನೋದ ನಂಬಿಕೆ. ಯುರೋಪಿನ ಹಾರ್ಪ್ಸಿಕಾರ್ಡ್‌ಗೆ ಆ ಗುಣ ಇರಲಿಲ್ಲ, ಅದರ ತಂತಿಯನ್ನು ಒಂದು ಸಣ್ಣ ಕೊಂಡಿ ಮೀಟುತ್ತದೆ, ಹೇಗೆ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. 1700ರ ಸುಮಾರಿಗೆ ಫ್ಲಾರೆನ್ಸ್‌ನ ಬಾರ್ಟೊಲೊಮಿಯೊ ಕ್ರಿಸ್ಟೊಫೋರಿ ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ತಂತಿಗೆ ಹೊಡೆಯುವ ಯಂತ್ರ ಕಟ್ಟಿದರು. ಬೆರಳು ಮೆಲ್ಲಗೆ ಬಂದರೆ ಮೆಲ್ಲಗೆ, ಜೋರಾಗಿ ಬಂದರೆ ಜೋರು. ಇಟಾಲಿಯನ್ ಭಾಷೆಯಲ್ಲಿ ಪಿಯಾನೋ ಅಂದರೆ ಮೆಲ್ಲಗೆ ಅಂತಲೇ ಅರ್ಥ, ಫೋರ್ಟೆ ಅಂದರೆ ಜೋರು. ಎರಡೂ ಸೇರಿ ವಾದ್ಯದ ಹೆಸರಾಗಿತ್ತು, ಬಳಸಿ ಬಳಸಿ ಅರ್ಧ ಉದುರಿಹೋಯಿತು. ಮಿಡಿಯ ಮೂರನೇ ಅಂಕಿ ಆ ಸುತ್ತಿಗೆಯ ಮೊಮ್ಮಗು. ಹೊಡೆಯುವ ವಾದ್ಯಕ್ಕೆ ಅದು ಸರಿ. ಉಸಿರಾಡುವ ವಾದ್ಯಕ್ಕೆ ಅದರಿಂದ ಉಪಯೋಗ ಕಡಿಮೆ. ಕೊಳಲಿಗೂ ಅಷ್ಟೇ, ಪಿಟೀಲಿಗೂ ಅಷ್ಟೇ. ಅವು ಹುಟ್ಟಿದ ಮೇಲೂ ಬೆಳೆಯುತ್ತವೆ, ಕುಗ್ಗುತ್ತವೆ. ಹಣೆಬರಹ ಒಂದೇ ಸಲ ಬರೆದು ಮುಗಿಸುವ ಜಾತಿಯವಲ್ಲ.

ವೀಣೆಯ ಕಥೆ ಇನ್ನೂ ಮಜವಾಗಿದೆ. ಅಲ್ಲಿ ಒಂದು ಸಲ ಮೀಟಿ, ತಂತಿ ಎಳೆದು ಎರಡು ಮೂರು ಸ್ವರ ತೆಗೆಯುತ್ತಾರೆ. ಮೀಟು ಒಂದೇ, ಸ್ವರ ಮೂರು. ಕಂಪ್ಯೂಟರ್‌ನಲ್ಲಿ ಅದನ್ನು ಮೂರು ನೋಟ್ ಅಂತ ಬರೆದರೆ ಮೂರು ಸಲ ಮೀಟಿದ ಹಾಗಾಗುತ್ತದೆ, ಗಮಕ ಮಣ್ಣು ಮುಕ್ಕುತ್ತದೆ. ಎಷ್ಟೋ ಟ್ರ್ಯಾಕ್‌ಗಳಲ್ಲಿ ವೀಣೆ ಪ್ಲಾಸ್ಟಿಕ್ ಅನ್ನಿಸೋದು ಇದಕ್ಕೇ. ಅಲ್ಲಿ ಒಂದೇ ನೋಟ್ ಇಟ್ಟು, ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್‌ನಿಂದ ಎಳೆಯಬೇಕು. ಮಿಡಿಯಲ್ಲಿ ಪೆಟ್ಟಿಗೆ 128 ಬೆಲೆಗಳಾದರೆ ಪಿಚ್ ಬೆಂಡ್‌ಗೆ 16,384 ಕೊಟ್ಟಿದ್ದಾರೆ. ಜಾರುವಾಗ ಮೆಟ್ಟಿಲು ಕೇಳಿಸಬಾರದಲ್ಲ. ಇದೇ ಇನ್ನೊಂದು ಬರಹಕ್ಕಾಗುವಷ್ಟಿದೆ, ಬಿಡಿ.

ಮೇಷ್ಟ್ರ ಮನೆಯಿಂದ ಬಂದವನು ಎರಡು ರಾತ್ರಿಯ ಕೆಲಸ ಅಳಿಸಿದೆ. ಹಾರ್ಮೋನಿಯಂನ ಎಲ್ಲ ಕಡ್ಡಿಗಳನ್ನೂ ಒಂದೇ ಎತ್ತರಕ್ಕೆ ತಂದೆ. ಹೌದು, ಮತ್ತೆ ಬೇಲಿ! ತಬಲಾದಲ್ಲಿ ಯಾವುದು ರೋಗವೋ ಇಲ್ಲಿ ಅದೇ ಆರೋಗ್ಯ. ಅದರ ಬದಲು ಸಿಸಿ 11 ಅನ್ನೋ ಇನ್ನೊಂದು ಪಟ್ಟಿ ತೆಗೆದೆ. ಎಕ್ಸ್‌ಪ್ರೆಶನ್ ಅಂತ ಅದರ ಹೆಸರು, ಸ್ವರ ನಡೆಯುತ್ತಿರುವಾಗಲೂ ಏರಿಳಿಸಬಹುದು. ಅದರಲ್ಲಿ ಅಲೆಯ ಹಾಗೆ ಗೆರೆ ಎಳೆದೆ. ಗೆರೆ ಎಳೆಯುವಾಗ ಎಡಗೈ ತಾನಾಗಿಯೇ ಗಾಳಿಯಲ್ಲಿ ತಿದಿ ಹಾಕುತ್ತಿತ್ತು. ಹೆಂಡತಿ ನೋಡಿ ಏನೂ ಹೇಳದೆ ಒಳಗೆ ಹೋದಳು.

ಮೂರನೇ ಸಲ ಕಳಿಸಿದಾಗ ಚಿಕ್ಕಮ್ಮನಿಂದ ಒಂದು ದಿನ ಉತ್ತರವೇ ಇಲ್ಲ. ಆಮೇಲೆ ಬಂದದ್ದು ಅವರು ಟ್ರ್ಯಾಕ್ ಜೊತೆ ಹಾಡಿದ ರೆಕಾರ್ಡಿಂಗ್. ಮಾತಿಲ್ಲ, ಬರೀ ಹಾಡು. ಪಲ್ಲವಿಗೆ ಮರಳುವ ಜಾಗದಲ್ಲಿ ಅವರು ಮೊದಲು ಯಾವತ್ತೂ ಹಾಕದಿದ್ದ ಒಂದು ಸಣ್ಣ ತಿರುವು ಹಾಕಿದ್ದರು.

ಕಾರ್ಯಕ್ರಮದ ದಿನ ನಾನೂ ಹೋಗಿದ್ದೆ. ಶಾಮಿಯಾನ, ಕೆಂಪು ಹಳದಿ ಬಾವುಟ, ಎರಡು ದೊಡ್ಡ ಸ್ಪೀಕರ್. ಮೈಕ್‌ನವರು ಎಲ್ಲವನ್ನೂ ಪೂರ್ತಿ ಏರಿಸಿಟ್ಟಿದ್ದರು. 44ರ ಕ ಯಾವುದು, 106ರ ಡಗ್ಗ ಯಾವುದು, ಒಂದೂ ಗೊತ್ತಾಗಲಿಲ್ಲ. ಎಲ್ಲವೂ ಸೇರಿ ಗುಯ್ಯ್ ಅನ್ನೋ ಒಂದು ಶಬ್ದ. ಪಕ್ಕದಲ್ಲಿ ಕೂತಿದ್ದವರು ಉಪ್ಪಿಟ್ಟು ಯಾವಾಗ ಕೊಡ್ತಾರೆ ಅಂತ ಕೇಳಿದರು. ಆದರೆ ಚಿಕ್ಕಮ್ಮ ಎರಡು ವಾರ ಇಯರ್‌ಫೋನ್ ಹಾಕಿಕೊಂಡು ಆ ಟ್ರ್ಯಾಕ್ ಜೊತೆ ಹಾಡಿದ್ದರಲ್ಲ, ಆ ಏರಿಳಿತ ಅವರೊಳಗೆ ಇಳಿದಿತ್ತು. ಸ್ಪೀಕರ್ ನುಂಗಿದ ತಬಲಾ ಅವರ ದನಿಯಲ್ಲಿ ಕೇಳುತ್ತಿತ್ತು. ತಿರುವು ಬರುವ ಜಾಗದಲ್ಲಿ ಹಾಕಿದರು, ನಕ್ಕರು ಕೂಡ.

ಉಪ್ಪಿಟ್ಟು ತಿನ್ನುತ್ತಾ ಹತ್ತಿರ ಬಂದು, "ಚೆನ್ನಾಗಾಯ್ತು ಕಣೋ. ಆದ್ರೆ ಎರಡನೇ ಚರಣದ ಮೂರನೇ ಸಾಲು ಇದೆಯಲ್ಲ, ಅಲ್ಲಿ ಡಗ್ಗ ಸ್ವಲ್ಪ ಕಡಿಮೆ ಮಾಡು. ನಂಗೆ ಉಸಿರು ತಗೊಳ್ಳೋಕೆ ಬಿಡಲ್ಲ ಅದು. ಸಂಕ್ರಾಂತಿಗೆ ಮತ್ತೆ ಹಾಡೋದಿದೆ" ಅಂದರು.

ಮನೆಗೆ ಬಂದು ಫೈಲ್ ತೆರೆದೆ. ಆ ಸಾಲಿನಲ್ಲಿ ನಾಲ್ಕು ಆವರ್ತ. ಮೊದಲ ಧಾದ ಡಗ್ಗವನ್ನು 106ರಿಂದ 90ಕ್ಕೆ ಇಳಿಸಿ ಕೇಳಿದೆ. ಹಾಡಿಕೊಂಡು ನೋಡಿದೆ. ಇನ್ನೂ ಉಸಿರಿಗೆ ಜಾಗ ಸಾಲದು. 78.